ಅಖಾಡದ ಒಲವು: ಬಾಗಲಕೋಟೆ ಸೀಮೆಯಲ್ಲಿ ಕ್ರೀಡಾ ಪ್ರೇಮಕಥೆಯ ಓದು

ಪ್ರೇಮಿಗಳಿಬ್ಬರಲ್ಲಿ ಒಬ್ಬರಾದರೂ ಆಟಗಾರರಾಗಿದ್ದು, ಮೈದಾನದ ಸೋಲು ಗೆಲುವು ಮನೆಯೊಳಗಿನ ಮುನಿಸು ಸಲಿಗೆಗಳೊಂದಿಗೆ ಬಿಡಿಸಲಾಗದಂತೆ ಹೆಣೆದುಕೊಂಡಿರುವ ಜನಪ್ರಿಯ ಕಾದಂಬರಿಯೇ ಕ್ರೀಡಾ ಪ್ರೇಮಕಾದಂಬರಿ. ಇಂಗ್ಲಿಷಿನಲ್ಲಿ ಇದು ಇಂದು ಪ್ರತ್ಯೇಕ ಕಪಾಟು ಬೇಡುವಷ್ಟು ಬೆಳೆದಿದೆ. ಓದುವವರು ಇದನ್ನು ಪರೀಕ್ಷೆಗಾಗಿ ಓದುವುದಿಲ್ಲ, ಪ್ರಶಸ್ತಿ ಬಂತೆಂದೂ ಓದುವುದಿಲ್ಲ. ಬೇಸರ ಕಳೆಯಲು, ಬಸ್ಸಿನಲ್ಲಿ ಹೊತ್ತು ಹೋಗಲು, ಕೊನೆಗೆ ಇಬ್ಬರೂ ಸೇರಿಯೇ ಸೇರುತ್ತಾರೆಂಬ ಖಾತರಿಯ ಸುಖಕ್ಕೆ ಓದುತ್ತಾರೆ. ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳಂಥ ಊರುಗಳಲ್ಲಿ ಈ ಓದಿಗೆ ಬೇಕಾದ ಎರಡು ಸಾಮಗ್ರಿಗಳೂ ಮೊದಲಿನಿಂದ ಇವೆ. ಕುಸ್ತಿಯ ಹುಚ್ಚು ಒಂದು, ಪ್ರೇಮಕಥೆಯ ಹಸಿವು ಇನ್ನೊಂದು. ಆದರೆ ಇವೆರಡೂ ಇಲ್ಲಿ ಒಟ್ಟಿಗೆ ಬೆಳೆದದ್ದು ನಾಟಕದ ಟೆಂಟಿನಲ್ಲಿ, ಆಮೇಲೆ ಸಿನಿಮಾ ಪರದೆಯ ಮೇಲೆ. ಅಚ್ಚಾದ ಕನ್ನಡ ಕಾದಂಬರಿ ಮಾತ್ರ ಅವನ್ನು ಬೇರೆ ಬೇರೆ ಕೋಣೆಯಲ್ಲಿ ಇಟ್ಟುಕೊಂಡೇ ಬಂದಿತು.

ಹಾಗೆ ನೋಡಿದರೆ ಈ ಸೀಮೆಯ ಅತಿ ಹಳೆಯ ಅಖಾಡದ ಕಥೆ 10ನೆಯ ಶತಮಾನದ್ದು. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದಲ್ಲಿ, ಬಳೆಗಾರರ ಮನೆತನದಲ್ಲಿ ಹುಟ್ಟಿದ ರನ್ನ ತನ್ನ ‘ಗದಾಯುದ್ಧ’ವನ್ನು ಭೀಮ ದುರ್ಯೋಧನರ ಒಂದೇ ಒಂದು ಪಂದ್ಯದ ಸುತ್ತ ಕಟ್ಟಿದ. ಆ ಪಂದ್ಯದ ಹಿಂದೆ ದ್ರೌಪದಿಯ ಬಿಚ್ಚಿದ ಮುಡಿ ಇದೆ. ಹೆಂಡತಿಯ ಹಟಕ್ಕಾಗಿ ಗಂಡ ಕಣಕ್ಕಿಳಿಯುತ್ತಾನೆ. ಚಾಲುಕ್ಯ ದೊರೆ ಸತ್ಯಾಶ್ರಯನನ್ನು ಭೀಮನೊಂದಿಗೆ ಸಮೀಕರಿಸಿದ ವೀರಕಾವ್ಯವನ್ನು ಕ್ರೀಡಾ ಪ್ರೇಮಕಥೆಯ ಪಟ್ಟಿಗೆ ಸೇರಿಸಿದರೆ ಹಳಗನ್ನಡದ ಮೇಷ್ಟರು ಬೆತ್ತ ಹುಡುಕಿಯಾರು. ಆದರೂ ಪಂದ್ಯದ ಅಂಕಿಅಂಶಕ್ಕಿಂತ ಪಂದ್ಯ ಯಾರಿಗಾಗಿ ಎಂಬುದೇ ಕೇಳುಗರನ್ನು ಹಿಡಿದು ಕೂಡಿಸುತ್ತದೆ ಎಂಬ ಗುಟ್ಟು ರನ್ನನಿಗೆ ಗೊತ್ತಿತ್ತು. ಇಂದಿನ ಕ್ರೀಡಾ ಪ್ರೇಮಕಾದಂಬರಿಗಳು ಬದುಕಿರುವುದೂ ಅದೇ ಗುಟ್ಟಿನ ಮೇಲೆ.

ಗರಡಿಮನೆಯ ವಿಷಯಕ್ಕೆ ಬಂದರೆ ತೊಡಕು ಶುರುವಾಗುತ್ತದೆ. ಉತ್ತರ ಕರ್ನಾಟಕದ ಕುಸ್ತಿಯ ಕಣ ಎಂದರೆ ಎಣ್ಣೆ, ಮಜ್ಜಿಗೆ, ಅರಿಶಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು, ಗೋಡೆಯಲ್ಲಿ ಹನುಮಪ್ಪನ ಮೂರ್ತಿ, ಮೂಲೆಯಲ್ಲಿ ಕರೆಲೆ, ಗದೆ, ಕಲ್ಲುಗುಂಡು. ಕಲಿಸುವವನು ವಸ್ತಾದ, ಕಲಿಯುವವನು ಪೈಲವಾನ. ಬೆಳಗಿನ ಜಾವದ ದಂಡ ಬೈಠಕ್, ಹಾಲು ಬಾದಾಮಿ, ಲಂಗೋಟಿಯ ಕಟ್ಟುನಿಟ್ಟು ಇವೆಲ್ಲ ಒಂದೇ ಶಿಸ್ತಿನ ಭಾಗಗಳು. ಅಲ್ಲಿಯ ದೇವರೇ ಬ್ರಹ್ಮಚಾರಿ. ಪೈಲವಾನ ಹುಡುಗಿಯತ್ತ ತಿರುಗಿ ನೋಡಿದರೆ ತಾಲೀಮು ಕೆಟ್ಟಿತು ಎಂದು ವಸ್ತಾದರು ನಂಬುತ್ತಿದ್ದರು, ಈಗಲೂ ನಂಬುವವರಿದ್ದಾರೆ. ಪಶ್ಚಿಮದ ಕ್ರೀಡಾ ಪ್ರೇಮಕಾದಂಬರಿಯ ನಾಯಕ ಸಾಮಾನ್ಯವಾಗಿ ಹುಡುಗಿಯರ ಹಿಂಡಿನ ನಡುವೆ ಮೆರೆಯುವ ಆಟಗಾರ. ಒಬ್ಬಳೇ ಒಬ್ಬಳು ಅವನನ್ನು ಪಳಗಿಸುತ್ತಾಳೆ. ಗರಡಿಯ ಕಥೆ ಇದಕ್ಕೆ ತದ್ವಿರುದ್ಧ ದಿಕ್ಕಿನಿಂದ ಹೊರಡಬೇಕು. ನಾಯಕ ಮೊದಲೇ ಪಳಗಿದವನು, ವ್ರತ ಹಿಡಿದವನು. ಒಲವು ಅವನನ್ನು ತಿದ್ದುವುದಿಲ್ಲ, ವ್ರತ ಮುರಿಯುತ್ತದೆ. ಆದ್ದರಿಂದ ಇಲ್ಲಿ ಪ್ರೇಮಕ್ಕೆ ಎದುರಾಗಿ ನಿಲ್ಲುವವನು ಇನ್ನೊಬ್ಬ ಪ್ರಿಯಕರನಲ್ಲ, ತಂದೆಯ ಸ್ಥಾನದಲ್ಲಿರುವ ವಸ್ತಾದ. ಕಥೆಗಾರನಿಗೆ ಇದಕ್ಕಿಂತ ಗಟ್ಟಿ ಸಂಘರ್ಷ ಬೇಕಿಲ್ಲ. ಕನ್ನಡ ಕಾದಂಬರಿ ಅದನ್ನು ಹೆಚ್ಚು ಕಡಿಮೆ ಮುಟ್ಟಲೇ ಇಲ್ಲ ಎಂಬುದು ಸೋಜಿಗ.

ಓದುಗರಿಲ್ಲದ ನಾಡು ಇದಾಗಿರಲಿಲ್ಲ. 1956ರವರೆಗೆ ಬಹುಪಾಲು ಮುಂಬಯಿ ಆಡಳಿತದಲ್ಲಿದ್ದ ಈ ಭಾಗದ ವಿದ್ಯಾವಂತರು ಮರಾಠಿ ಕಾದಂಬರಿಗಳ ಮೂಲಕವೇ ಕಾದಂಬರಿ ಎಂಬ ವಸ್ತುವನ್ನು ಕಂಡವರು. ಗಳಗನಾಥರು (1869–1942) ಹರಿ ನಾರಾಯಣ ಆಪಟೆಯವರ ಕೃತಿಗಳನ್ನು ಕನ್ನಡಕ್ಕೆ ತಂದು, ಪುಸ್ತಕದ ಗಂಟನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಅವರ ನಂತರದ ತಲೆಮಾರು ನಾ. ಸೀ. ಫಡಕೆಯವರ ಕಾಲೇಜು ಪ್ರೇಮಕಥೆಗಳನ್ನೂ ವಿ. ಸ. ಖಾಂಡೇಕರರ ಆದರ್ಶವಾದಿ ಕಥೆಗಳನ್ನೂ ಓದಿತು. ಖಾಂಡೇಕರರನ್ನು ವಿ. ಎಂ. ಇನಾಂದಾರ್ ಕನ್ನಡಕ್ಕೆ ತಂದರು. ಧಾರವಾಡದಲ್ಲಿ 1933ರಲ್ಲಿ ಜಿ. ಬಿ. ಜೋಶಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರ ಮನೆಗೇ ಪುಸ್ತಕ ಕಳಿಸುವ ಪದ್ಧತಿ ಹಾಕಿತು. 1956ರಲ್ಲಿ ಹುಬ್ಬಳ್ಳಿಯಿಂದ ಹೊರಟ ‘ಕಸ್ತೂರಿ’ ಮಾಸಿಕದ ಪುಸ್ತಕ ವಿಭಾಗ ಇಡೀ ಗ್ರಂಥವೊಂದನ್ನು ಭಟ್ಟಿ ಇಳಿಸಿ ಕೊಡುತ್ತಿತ್ತು. ಹುನಗುಂದದಂಥ ತಾಲ್ಲೂಕು ಊರಿನ ಮಾಸ್ತರರ ಮನೆಗೆ ಜಗತ್ತಿನ ಕಥೆ ತಲುಪಿದ ದಾರಿಗಳು ಇವು.

ಜನಪ್ರಿಯ ಕಾದಂಬರಿಗೆ ಜಿಲ್ಲೆಯದೇ ಒಂದು ದೊಡ್ಡ ಹೆಸರಿದೆ, ಬೀಳಗಿಯ ಕೃಷ್ಣಮೂರ್ತಿ ಪುರಾಣಿಕ. ಮಧ್ಯಮ ವರ್ಗದ ಮನೆ, ಸೊಸೆಯ ತಾಳ್ಮೆ, ಅಣ್ಣತಮ್ಮಂದಿರ ಬಿರುಕು, ಕೊನೆಗೆ ಕೂಡುವ ಕುಟುಂಬ ಇವು ಅವರ ಲೋಕ. ಅವರ ‘ಧರ್ಮದೇವತೆ’ 1962ರಲ್ಲಿ ‘ಕರುಣೆಯೇ ಕುಟುಂಬದ ಕಣ್ಣು’ ಆಗಿ ತೆರೆಗೆ ಬಂತು. ಮರುವರ್ಷ ‘ಕುಲವಧು’ ಬಂತು. 1977ರ ‘ಸನಾದಿ ಅಪ್ಪಣ್ಣ’ ಅವರದೇ ಕಥೆ, ಅದರ ಶಹನಾಯಿ ಬಿಸ್ಮಿಲ್ಲಾ ಖಾನರದು. ಜಮಖಂಡಿ ತಾಲ್ಲೂಕಿನ ಹಿರೇಪಡಸಲಗಿಯ ರಾವಬಹಾದ್ದೂರರು 1957ರಲ್ಲಿ ‘ಗ್ರಾಮಾಯಣ’ ಬರೆದು ಕೃಷ್ಣಾ ತೀರದ ಹಳ್ಳಿಯ ಕೇಡನ್ನು ಎಳೆಎಳೆಯಾಗಿ ತೋರಿಸಿದರು. ಒಬ್ಬರು ಕುಟುಂಬದ ಕಥೆಗಾರ, ಇನ್ನೊಬ್ಬರು ಊರಿನ ಕಥೆಗಾರ. ಆಟಗಾರನ ಕಥೆಗಾರನೊಬ್ಬ ಇವರಿಬ್ಬರ ನಡುವೆ ಬರಬಹುದಿತ್ತು.

1965ರಲ್ಲಿ ‘ಸುಧಾ’ ವಾರಪತ್ರಿಕೆ ಶುರುವಾದ ಮೇಲೆ ಪ್ರೇಮಕಾದಂಬರಿಯ ಓದು ನಿಜವಾದ ಅರ್ಥದಲ್ಲಿ ಮನೆಮನೆಯದಾಯಿತು. ತ್ರಿವೇಣಿ (1928–1963) ಅಷ್ಟರೊಳಗೆ ತೀರಿಕೊಂಡಿದ್ದರೂ ಅವರ ‘ಬೆಳ್ಳಿಮೋಡ’, ‘ಶರಪಂಜರ’ಗಳನ್ನು ಪುಟ್ಟಣ್ಣ ಕಣಗಾಲ್ 1967ರಲ್ಲಿ ಮತ್ತು ಎಪ್ಪತ್ತರ ದಶಕದ ಆರಂಭದಲ್ಲಿ ಚಿತ್ರಗಳನ್ನಾಗಿ ಮಾಡಿದಾಗ ಪುಸ್ತಕಗಳಿಗೆ ಎರಡನೆಯ ಜೀವ ಬಂತು. ಎಂ. ಕೆ. ಇಂದಿರಾ, ವಾಣಿ, ಉಷಾ ನವರತ್ನರಾಂ, ಎಚ್. ಜಿ. ರಾಧಾದೇವಿ, ಸಾಯಿಸುತೆ ಒಬ್ಬರ ಹಿಂದೊಬ್ಬರು ಬಂದರು. ತೆಲುಗಿನಿಂದ ಯಂಡಮೂರಿ ವೀರೇಂದ್ರನಾಥ್ ಬಂದರು. ಧಾರಾವಾಹಿಯ ಹಾಳೆಗಳನ್ನು ಕತ್ತರಿಸಿ ದಾರ ಹಾಕಿ ಹೊಲಿದು ಪುಸ್ತಕ ಮಾಡಿಟ್ಟುಕೊಳ್ಳುವುದು, ಬಾಡಿಗೆ ಗ್ರಂಥಾಲಯದಿಂದ ತಂದ ಪ್ರತಿಯನ್ನು ವಾಪಸು ಕೊಡುವ ಮೊದಲು ಪಕ್ಕದ ಮನೆಯವರೂ ಓದಿ ಮುಗಿಸುವುದು ಕನ್ನಡನಾಡಿನ ಸಣ್ಣ ಊರುಗಳೆಲ್ಲ ಕಂಡ ರೂಢಿ. ವಿಮರ್ಶಕರು ಇದನ್ನು ‘ಅಡುಗೆಮನೆ ಸಾಹಿತ್ಯ’ ಎಂದು ಮೂಗು ಮುರಿದರು. ಓದುವ ಹೆಂಗಸರು ಆ ಮೂಗಿನ ಗೊಡವೆಗೇ ಹೋಗಲಿಲ್ಲ.

ಈ ಕಾದಂಬರಿಗಳ ನಾಯಕರನ್ನು ಸಾಲಾಗಿ ನಿಲ್ಲಿಸಿದರೆ ಒಂದು ಸಂಗತಿ ಕಣ್ಣಿಗೆ ಹೊಡೆಯುತ್ತದೆ. ಡಾಕ್ಟರು, ಎಂಜಿನಿಯರು, ಪ್ರೊಫೆಸರು, ಕಾಫಿ ತೋಟದ ಮಾಲೀಕ. ಉಷಾ ನವರತ್ನರಾಂ ಅವರ ‘ಹೊಂಬಿಸಿಲು’ (ಚಿತ್ರ 1978) ಮತ್ತು ‘ಬಂಧನ’ (ಚಿತ್ರ 1984) ಎರಡೂ ಆಸ್ಪತ್ರೆಯ ಒಲವುಗಳೇ. ಕಾಲೇಜಿನಲ್ಲಿ ಟೆನಿಸ್ ಆಡುವ ನಾಯಕ ಅಲ್ಲಲ್ಲಿ ಸಿಕ್ಕಾನು, ಆದರೆ ಟೆನಿಸ್ ಅವನ ಸಿರಿತನದ ಅಲಂಕಾರವಷ್ಟೆ, ಬದುಕಲ್ಲ. ಕಾರಣ ಹುಡುಕಲು ಬಹಳ ದೂರ ಹೋಗಬೇಕಿಲ್ಲ. ಓದುಗರ ಕಣ್ಣಿನಲ್ಲಿ ನಾಯಕನೆಂದರೆ ವರನೂ ಹೌದು, ವರನಿಗೆ ಸಂಬಳ ಬೇಕು. ಮುಧೋಳದ ಘೋರ್ಪಡೆ, ಜಮಖಂಡಿಯ ಪಟವರ್ಧನ ಸಂಸ್ಥಾನಗಳು 1948ರಲ್ಲಿ ವಿಲೀನವಾದ ಮೇಲೆ ಕುಸ್ತಿಗಿದ್ದ ಅರಮನೆಯ ಆಶ್ರಯದ ಕಾಲ ಮುಗಿಯಿತು. ಉಳಿದದ್ದು ಜಾತ್ರೆಯ ಬಹುಮಾನ: ಬೆಳ್ಳಿ ಕಡಗ, ರುಮಾಲು, ತೆಂಗಿನಕಾಯಿ, ಊರ ಹಿರಿಯರು ಸೇರಿಸಿದ ರೊಕ್ಕ. ಪೈಲವಾನನ ಕೀರ್ತಿ ಹತ್ತೂರಿಗೆ ಹಬ್ಬಿದ್ದರೂ ಹೆಣ್ಣು ಕೊಡುವವರು ಅವನ ಹೊಲ ಎಷ್ಟು ಎಕರೆ ಎಂದೇ ಕೇಳಿದರು. ಆಟಗಾರನಿಗೆ ಪ್ರೇಮಕಾದಂಬರಿಯಲ್ಲಿ ಜಾಗ ಸಿಗದಿದ್ದುದು ಲೇಖಕಿಯರ ಕಲ್ಪನೆಯ ಬಡತನದಿಂದಲ್ಲ, ಆಟದ ಬಡತನದಿಂದ.

ನಾಟಕದ ಕಂಪನಿಗಳಿಗೆ ಈ ಲೆಕ್ಕಾಚಾರ ಇರಲಿಲ್ಲ. ಬಾದಾಮಿಯ ಪಕ್ಕದ ಚೊಳಚಗುಡ್ಡದಲ್ಲಿ ಬನದ ಹುಣ್ಣಿಮೆಗೆ ಬನಶಂಕರಿಯ ತೇರು ಎಳೆಯುತ್ತಾರೆ. ಜಾತ್ರೆ ಅಲ್ಲಿಂದ ತಿಂಗಳೊಪ್ಪತ್ತು ನಡೆಯುತ್ತದೆ. ವೃತ್ತಿ ನಾಟಕ ಕಂಪನಿಗಳು ಸಾಲುಸಾಲಾಗಿ ಥೇಟರು ಹಾಕಿ, ರಾತ್ರಿಯಿಡೀ ಆಟ ಆಡಿ, ವರ್ಷದ ಗಳಿಕೆಯ ದೊಡ್ಡ ಪಾಲನ್ನು ಇಲ್ಲಿಯೇ ಹೊಂಚಿಕೊಳ್ಳುತ್ತವೆ. ಓದು ಬಾರದವರಿಗೂ ಜನಪ್ರಿಯ ಪ್ರೇಮಕಥೆ ಎಟುಕಿದ್ದು ಇಲ್ಲಿ. ಅವರ ಪಾಲಿಗೆ ಇದೇ ಕಾದಂಬರಿ, ಇದೇ ಧಾರಾವಾಹಿ. ಟಿಕೆಟ್ ಕೊಟ್ಟು ಬಂದ ಪ್ರೇಕ್ಷಕರ ನಾಡಿ ಹಿಡಿದ ನಾಟಕಕಾರರಲ್ಲಿ ಹುನಗುಂದ ತಾಲ್ಲೂಕು ಸೂಳೇಭಾವಿಯ ಪಿ. ಬಿ. ಧುತ್ತರಗಿ ಮುಂಚೂಣಿಯವರು. ‘ತಾಯಿಕರುಳು’, ‘ಮಲಮಗಳು’ ಅವರ ಹೆಸರು ಗಟ್ಟಿ ಮಾಡಿದವು. ‘ಸಂಪತ್ತಿಗೆ ಸವಾಲ್’ ಅಂತೂ ಊರೂರಲ್ಲಿ ಪ್ರಯೋಗ ಕಂಡು, 1974ರಲ್ಲಿ ರಾಜಕುಮಾರ್, ಮಂಜುಳಾ ಅಭಿನಯದ ಚಿತ್ರವಾಯಿತು. ರಾಜಕುಮಾರ್ ಗಾಯಕರಾಗಿಯೂ ನೆಲೆ ನಿಂತದ್ದು ಆ ಚಿತ್ರದಿಂದ.

‘ಸಂಪತ್ತಿಗೆ ಸವಾಲ್’ನ ಭದ್ರನನ್ನು ಇಂದಿನ ಕ್ರೀಡಾ ಪ್ರೇಮಕಾದಂಬರಿ ಓದುವವರು ಕೂಡಲೇ ಗುರುತು ಹಿಡಿಯುತ್ತಾರೆ. ತೋಳಲ್ಲಿ ಬಲ, ನಾಲಗೆಯಲ್ಲಿ ಒರಟು, ಒಳಗೆ ನ್ಯಾಯದ ಮನಸ್ಸು. ಎದುರಿಗೆ ಸಾಹುಕಾರನ ಸೊಕ್ಕಿನ ಮಗಳು ದುರ್ಗಾ. ಜಗಳದಿಂದ ಶುರುವಾಗಿ ಒಲವಿಗೆ ತಿರುಗುವ ಈ ಹದವನ್ನು ಇಂಗ್ಲಿಷ್ ಪುಸ್ತಕದಂಗಡಿಗಳು ಇಂದು ಮುಖಪುಟದ ಮೇಲೆಯೇ ಜಾಹೀರು ಮಾಡುತ್ತವೆ. ಹುನಗುಂದ ಸೀಮೆಯ ಪ್ರೇಕ್ಷಕರು ಅದನ್ನು ಟೆಂಟಿನ ಖುರ್ಚಿಯ ಮೇಲೆ, ಚಾಪೆಯ ಮೇಲೆ ಕೂತು ದಶಕಗಳ ಹಿಂದೆಯೇ ಅನುಭವಿಸಿದ್ದರು. ಹೆಣ್ಣಿನ ಸೊಕ್ಕು ಮುರಿಯುವುದೇ ಒಲವಿನ ಗೆಲುವು ಎಂಬ ಅದರ ಧೋರಣೆ ಇಂದಿನ ಓದುಗರಿಗೆ ಮುಜುಗರ ತರುತ್ತದೆ ಎಂಬುದೂ ನಿಜ. ಈಗಿನ ಕಾದಂಬರಿಗಳಲ್ಲಿ ಸೊಕ್ಕು ಮುರಿಸಿಕೊಳ್ಳುವ ಸರದಿ ಸಾಮಾನ್ಯವಾಗಿ ನಾಯಕನದು.

ಸಿನಿಮಾ ಈ ಎಳೆಯನ್ನು ಬಿಡಲಿಲ್ಲ. ಕಿಕ್‌ಬಾಕ್ಸಿಂಗ್ ಕಣದ ‘ಯುವರಾಜ’ (2001), ‘ಮೌರ್ಯ’ (2004) ಎರಡೂ ತೆಲುಗಿನಿಂದ ಬಂದವು. ಖೋಖೋದ ಸುತ್ತ ‘ಗುರು ಶಿಷ್ಯರು’ (2022) ಬಂತು, ಮರುವರ್ಷ ಯೋಗರಾಜ ಭಟ್ಟರ ‘ಗರಡಿ’. ಇವುಗಳಲ್ಲಿ ಮೇಲೆ ಹೇಳಿದ ವಸ್ತಾದನ ಸಂಘರ್ಷವನ್ನು ನೇರವಾಗಿ ಹಿಡಿದದ್ದು ಸುದೀಪ್ ಅಭಿನಯದ ‘ಪೈಲ್ವಾನ್’ (2019). ಅನಾಥ ಹುಡುಗನನ್ನು ಸಾಕಿ ಕುಸ್ತಿ ಕಲಿಸಿದ ಸರ್ಕಾರ್ ಅವನಿಂದ ದೊಡ್ಡ ಪ್ರಶಸ್ತಿಯ ಕನಸು ಕಾಣುತ್ತಾನೆ. ಹುಡುಗ ಪ್ರೀತಿಗೆ ಬಿದ್ದು ಮದುವೆಯಾದಾಗ ಸಾಕಿದ ಮನೆಯ ಬಾಗಿಲು ಮುಚ್ಚುತ್ತದೆ. ಚಿತ್ರದ ದ್ವಿತೀಯಾರ್ಧ ಬಾಕ್ಸಿಂಗಿನ ಅಬ್ಬರದಲ್ಲಿ ಕಳೆದುಹೋದರೂ ಮೊದಲರ್ಧದಲ್ಲಿ ಒಂದು ಒಳ್ಳೆಯ ಕಾದಂಬರಿಯ ಬೀಜವಿದೆ.

ಇತ್ತ ಪುಸ್ತಕಲೋಕದಲ್ಲಿ ಕ್ರೀಡಾ ಪ್ರೇಮಕಾದಂಬರಿ ಬೇರೆಯೇ ದಾರಿಯಲ್ಲಿ ಬೆಳೆಯುತ್ತಿತ್ತು. ಪ್ರೇಮಕಾದಂಬರಿಯ ಕಾರ್ಖಾನೆಯೆಂದೇ ಹೆಸರಾದ ಮಿಲ್ಸ್ ಅಂಡ್ ಬೂನ್ ಲಂಡನ್ನಿನಲ್ಲಿ 1908ರಲ್ಲಿ ಹುಟ್ಟಿ, 1971ರಲ್ಲಿ ಕೆನಡಾದ ಹಾರ್ಲೆಕ್ವಿನ್ ಕೈಸೇರಿತು. ಭಾರತದ ಪೇಟೆಗೆ ಇಲ್ಲಿಯೇ ಅಚ್ಚು ಹಾಕಿಸಿ ನೇರವಾಗಿ ಕಾಲಿಟ್ಟದ್ದು 2008ರಲ್ಲಿ. ಆಟವನ್ನು ಒಲವಿನ ನಡುಮನೆಗೆ ತಂದವರಲ್ಲಿ ಅಮೆರಿಕದ ಸೂಸನ್ ಎಲಿಜಬೆತ್ ಫಿಲಿಪ್ಸ್ ಮುಖ್ಯರು. ಅವರ 1994ರ ‘ಇಟ್ ಹ್ಯಾಡ್ ಟು ಬಿ ಯು’ದಲ್ಲಿ ಅಮೆರಿಕನ್ ಫುಟ್‌ಬಾಲಿನ ಗಂಧವಿಲ್ಲದ ಹೆಣ್ಣು ತಂಡವೊಂದಕ್ಕೆ ವಾರಸುದಾರಳಾಗಿ ಅದರ ಕೋಚನೊಂದಿಗೆ ಜಗಳಕ್ಕೆ ನಿಲ್ಲುತ್ತಾಳೆ. ಕೆನಡಾದ ಎಲ್ ಕೆನಡಿ 2015ರಲ್ಲಿ ‘ದಿ ಡೀಲ್’ ಬರೆದಾಗ ಕಾಲೇಜು ಐಸ್ ಹಾಕಿ ಈ ಪ್ರಕಾರದ ರಾಜಧಾನಿಯಾಯಿತು. ಪಾಠ ಹೇಳಿಕೊಡಲು ಬಂದ ಹುಡುಗಿ, ಪಾಸಾಗದಿದ್ದರೆ ತಂಡದಿಂದ ಹೊರಬೀಳುವ ನಾಯಕ, ಇಬ್ಬರ ನಡುವೆ ಒಂದು ಸುಳ್ಳು ಜೋಡಿಯ ಒಪ್ಪಂದ. ಹ್ಯಾನಾ ಗ್ರೇಸ್ ಅವರ ‘ಐಸ್‌ಬ್ರೇಕರ್’ (2022) ಲೇಖಕಿ ತಾವೇ ಪ್ರಕಟಿಸಿಕೊಂಡ ಪುಸ್ತಕ. ಓದುಗರ ಬಾಯಿಮಾತಿನಿಂದ ಏರಿ ದೊಡ್ಡ ಪ್ರಕಾಶಕರ ಕೈಗೆ ಹೋಯಿತು. ಎದುರಾಳಿ ತಂಡಗಳ ಇಬ್ಬರು ಗಂಡಸರ ಒಲವಿನ ಕಥೆ, ರೇಚಲ್ ರೀಡ್ ಅವರ ‘ಹೀಟೆಡ್ ರೈವಲ್ರಿ’ (2019), 2025ರಲ್ಲಿ ಕೆನಡಾದಲ್ಲಿ ಧಾರಾವಾಹಿಯಾಗಿ ಬಂದು ಪ್ರಕಾರದ ಗಡಿಯನ್ನು ಇನ್ನಷ್ಟು ಹಿಗ್ಗಿಸಿತು.

ಮಂಜಿನ ಮೇಲಿನ ಹಾಕಿಗೂ ಬಾಗಲಕೋಟೆಯ ಬಿಸಿಲಿಗೂ ಏನು ನಂಟು? ಆಟದ ನಿಯಮದ ಮಟ್ಟಿಗೆ ಏನೂ ಇಲ್ಲ. ಇಲ್ಲಿಯ ಓದುಗರಿಗೆ ‘ಪವರ್ ಪ್ಲೇ’ ಎಂದರೆ ಕ್ರಿಕೆಟ್ಟಿನದೇ ನೆನಪಾಗುತ್ತದೆ. ಐಸ್ ಹಾಕಿಯಲ್ಲಿ ಅದು ಎದುರಾಳಿಯ ಆಟಗಾರನೊಬ್ಬ ಶಿಕ್ಷೆಗೆ ಹೊರಗೆ ಕೂತಾಗ ಸಿಗುವ ಅನುಕೂಲ. ಇದು ಗೊತ್ತಿಲ್ಲದೆಯೂ ಪುಸ್ತಕ ಓದಿಸಿಕೊಂಡು ಹೋಗುತ್ತದೆ, ಏಕೆಂದರೆ ಆಟ ಅಲ್ಲಿ ಗಡುವಿನ ಕೆಲಸ ಮಾಡುತ್ತದೆ. ಫೈನಲ್ ಪಂದ್ಯ ಇಂಥ ದಿನ ಎಂದ ಕೂಡಲೇ ಮನಸ್ಸಿನ ಮಾತು ಹೇಳಲು ಉಳಿದ ಸಮಯ ಲೆಕ್ಕಕ್ಕೆ ಸಿಗುತ್ತದೆ. ಗಾಯವಾದರೆ ಅಹಂಕಾರಿ ನಾಯಕ ಹಾಸಿಗೆ ಹಿಡಿದು ಇನ್ನೊಬ್ಬರ ಆರೈಕೆಗೆ ತಲೆಬಾಗಬೇಕು. ತಂಡ ಎಂದರೆ ಸಿದ್ಧವಾಗಿರುವ ಒಂದು ಕೂಡುಕುಟುಂಬ: ಕೀಟಲೆ ಮಾಡುವ ಗೆಳೆಯರು, ಗದರುವ ಕೋಚ್, ಮುಂದಿನ ಪುಸ್ತಕದ ನಾಯಕನಾಗಲು ಕಾದಿರುವ ಗೋಲ್‌ಕೀಪರ್. ಕೃಷ್ಣಮೂರ್ತಿ ಪುರಾಣಿಕರ ಕೂಡುಮನೆಯಲ್ಲಿ ಬೆಳೆದ ಓದುಗರಿಗೆ ಈ ಗದ್ದಲದ ಮನೆ ಅಪರಿಚಿತವಲ್ಲ.

ಭಾರತದ್ದೇ ಉದಾಹರಣೆ ಬೇಕೆಂದರೆ ಅನುಜಾ ಚೌಹಾನ್ ಅವರ ‘ದಿ ಝೋಯಾ ಫ್ಯಾಕ್ಟರ್’ (2008). 1983ರಲ್ಲಿ ಭಾರತ ವಿಶ್ವಕಪ್ ಗೆದ್ದ ಗಳಿಗೆಯಲ್ಲೇ ಹುಟ್ಟಿದ ಜಾಹೀರಾತು ಕಂಪನಿಯ ಹುಡುಗಿಯೊಂದಿಗೆ ತಿಂಡಿ ತಿಂದರೆ ತಂಡ ಗೆಲ್ಲುತ್ತದೆ ಎಂದು ಆಟಗಾರರು ನಂಬುತ್ತಾರೆ. ನಾಯಕ ನಿಖಿಲ್ ಖೋಡಾಗೆ ಅದೃಷ್ಟದಲ್ಲಿ ನಂಬಿಕೆಯಿಲ್ಲ, ಬೆವರಿನಲ್ಲಿದೆ. ಅವಳನ್ನು ಪ್ರೀತಿಸುತ್ತ, ಅವಳ ಅದೃಷ್ಟವನ್ನು ಒಪ್ಪದೆ ಅವನು ಹೇಗೆ ಬಾಳಬೇಕು? ಆಟವನ್ನು ತೆಗೆದರೆ ಈ ಪ್ರೇಮವೇ ಇಲ್ಲ. ಇಡೀ ಪ್ರಕಾರದ ಒರೆಗಲ್ಲು ಇದೇ, ಮತ್ತು ಐಸ್ ಹಾಕಿಯ ಎಷ್ಟೋ ಪುಸ್ತಕಗಳು ಈ ಒರೆಗೆ ನಿಲ್ಲುವುದಿಲ್ಲ. ಅಲ್ಲಿ ನಾಯಕನ ಜೆರ್ಸಿ ಕಳಚಿ ಕೋಟು ತೊಡಿಸಿದರೆ ಅವನು ಯಾವ ಕಂಪನಿಯ ಮಾಲೀಕನೂ ಆಗಬಲ್ಲ. 2019ರಲ್ಲಿ ಸೋನಂ ಕಪೂರ್, ದುಲ್ಕರ್ ಸಲ್ಮಾನ್ ಅಭಿನಯದಲ್ಲಿ ಬಂದ ಇದರ ಚಿತ್ರರೂಪ ಪುಸ್ತಕದ ಚುರುಕನ್ನು ಹಿಡಿಯಲಿಲ್ಲ.

ಇಂಗ್ಲಿಷ್ ಓದುವವರಿಗೆ ಈ ಪುಸ್ತಕಗಳ ಸುದ್ದಿ ತಲುಪಿದ್ದು ಬಹುಪಾಲು ಮೊಬೈಲಿನಿಂದ. ಪಶ್ಚಿಮದಲ್ಲಿ ಇವನ್ನು ಮೆರೆಸಿದ್ದು ಟಿಕ್‌ಟಾಕ್. ಭಾರತದಲ್ಲಿ ಅದು 2020ರ ಜೂನ್ ಕೊನೆಗೆ ನಿಷೇಧವಾದದ್ದರಿಂದ ಇನ್‌ಸ್ಟಾಗ್ರಾ‌ಂ ರೀಲುಗಳು ಆ ಕೆಲಸ ವಹಿಸಿಕೊಂಡವು. ಬಾಗಲಕೋಟೆಯ ನವನಗರ ಆಲಮಟ್ಟಿ ಹಿನ್ನೀರಿನಿಂದ ಎದ್ದುಬಂದವರಿಗಾಗಿ ಕಟ್ಟಿದ ಊರು. ಇಂದು ಕಾಲೇಜು, ಹಾಸ್ಟೆಲುಗಳಿಂದ ತುಂಬಿದೆ. 1906ರಲ್ಲಿ ಸ್ಥಾಪನೆಯಾದ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ ಎಂಜಿನಿಯರಿಂಗ್, ವೈದ್ಯಕೀಯ ಕಾಲೇಜುಗಳು ಬೇರೆ ಬೇರೆ ಕಡೆಯ ವಿದ್ಯಾರ್ಥಿಗಳನ್ನು ಇಲ್ಲಿಗೆ ಎಳೆದಿವೆ. ಇಂಗ್ಲಿಷ್ ಕ್ರೀಡಾ ಪ್ರೇಮಕಾದಂಬರಿಯ ಓದುಗರು ಈ ಜಿಲ್ಲೆಯಲ್ಲಿ ಸಿಗಬೇಕೆಂದರೆ ಹುಡುಕಬೇಕಾದ ಜಾಗ ಇದೇ.

ಕನ್ನಡ ಓದು ಹೋದ ದಾರಿ ಬೇರೆ. ಹಿಂದೆ ವಾರಪತ್ರಿಕೆ ಮಾಡುತ್ತಿದ್ದ ಕೆಲಸವನ್ನು ಈಗ ಬೆಂಗಳೂರಿನ ಪ್ರತಿಲಿಪಿಯಂಥ ಆ್ಯಪುಗಳು ಮಾಡುತ್ತಿವೆ. ಅಧ್ಯಾಯ ಅಧ್ಯಾಯವಾಗಿ ಕಥೆ ಬರುತ್ತದೆ, ಓದುಗರು ಅಲ್ಲಿಯೇ ಅಭಿಪ್ರಾಯ ಬರೆಯುತ್ತಾರೆ, ಮುಂದಿನ ಕಂತು ಬೇಗ ಹಾಕಿ ಎಂದು ಗೋಗರೆಯುತ್ತಾರೆ. 2020ರಲ್ಲಿ ಶುರುವಾದ ಮೈಲ್ಯಾಂಗ್ ಕನ್ನಡದ ಇ-ಪುಸ್ತಕ, ಕೇಳುಪುಸ್ತಕಗಳನ್ನು ಮಾರುತ್ತದೆ. ಸಾರ್ವಜನಿಕ ಗ್ರಂಥಾಲಯ ಇಲಾಖೆಯ ಡಿಜಿಟಲ್ ಗ್ರಂಥಾಲಯವೂ ಅದೇ ವರ್ಷದ್ದು. ಕೇಳುಪುಸ್ತಕಕ್ಕೆ ಇಳಕಲ್, ಗುಳೇದಗುಡ್ಡದಂಥ ನೇಕಾರರ ಊರುಗಳು ಹೇಳಿಮಾಡಿಸಿದ ಜಾಗ. ಸೀರೆಯ ಒಡಲಿಗೂ ಟೋಪತೆನೆ ಸೆರಗಿಗೂ ಕೊಂಡಿ ಹಾಕುವಾಗ ಕೈಗೂ ಕಣ್ಣಿಗೂ ಬಿಡುವಿರುವುದಿಲ್ಲ, ಕಿವಿಯೊಂದೇ ಖಾಲಿ.

ಆ್ಯಪಿನ ಕನ್ನಡ ಪ್ರೇಮಧಾರಾವಾಹಿಗಳ ನಾಯಕ ಹೆಚ್ಚಾಗಿ ಬೆಂಗಳೂರಿನ ಕಂಪನಿಯ ಸಿಇಒ. ಹಳೆಯ ಡಾಕ್ಟರಿನ ಕುರ್ಚಿಯಲ್ಲಿ ಈಗ ಅವನು ಕೂತಿದ್ದಾನೆ. ಒಪ್ಪಂದದ ಮದುವೆ, ತಪ್ಪು ತಿಳಿವಳಿಕೆ, ಅತ್ತೆಯ ಮನೆಯ ಹೊಗೆ ಇವು ಅಚ್ಚುಮೆಚ್ಚಿನ ತಿರುವುಗಳು. ಕ್ರಿಕೆಟಿಗನೋ ಕಬಡ್ಡಿ ಆಟಗಾರನೋ ನಾಯಕನಾಗಿ ಬಂದರೂ ಆಟ ಹಿನ್ನೆಲೆಯ ಪರದೆಯಾಗಿಯೇ ಉಳಿಯುತ್ತದೆ. ಮಾತಂತೂ ಬೆಂಗಳೂರಿನದೇ. ಉತ್ತರ ಕರ್ನಾಟಕದ ಬಿರುಸು ಮಾತಿನಲ್ಲಿ ಒಲವು ಹೇಳಿಕೊಳ್ಳುವ ನಾಯಕ ಯೂಟ್ಯೂಬಿನ ಜಾನಪದ ಪ್ರೇಮಗೀತೆಗಳಲ್ಲಿ ರಾಜಾರೋಷವಾಗಿ ಮೆರೆಯುತ್ತಿದ್ದಾನೆ. ಅವನಿಗೆ ಕಾದಂಬರಿಯ ಪುಟದಲ್ಲಿ ಇನ್ನೂ ಪ್ರವೇಶ ಸಿಕ್ಕಂತಿಲ್ಲ.

ಆದರೆ ವರನ ಸಂಬಳದ ಹಳೆಯ ಲೆಕ್ಕ ಬದಲಾಗಿದೆ. ಐಪಿಎಲ್ 2008ರಿಂದ, ಪ್ರೊ ಕಬಡ್ಡಿ 2014ರಿಂದ ಆಟಗಾರನಿಗೆ ಹರಾಜಿನ ಬೆಲೆ ಕಟ್ಟಿವೆ. ರೈಲ್ವೆ, ಸೇನೆ, ಪೊಲೀಸ್ ಇಲಾಖೆಗಳ ಕ್ರೀಡಾ ಕೋಟಾ ಹಳ್ಳಿಯ ಪೈಲವಾನನಿಗೂ ತಿಂಗಳ ಪಗಾರ ತೋರಿಸಿದೆ. ಬಾಗಲಕೋಟೆ ಜಿಲ್ಲೆಯ ಅರ್ಜುನ್ ಹಲಕುರ್ಕಿ 2020ರ ದೆಹಲಿಯ ಏಷ್ಯನ್ ಚಾಂಪಿಯನ್‌ಷಿಪ್‌ನಲ್ಲಿ, ಮತ್ತೆ 2022ರಲ್ಲಿ, 55 ಕಿಲೋ ಗ್ರೀಕೊ-ರೋಮನ್ ಕುಸ್ತಿಯಲ್ಲಿ ಕಂಚು ಗೆದ್ದರು. ಸೊಂಟದ ಕೆಳಗೆ ಹಿಡಿಯುವಂತಿಲ್ಲದ ಈ ಬಗೆಯ ಕುಸ್ತಿಗೂ ಕಾಲಿಗೆ ಕೈ ಹಾಕುವ ಜಾತ್ರೆಯ ನಿಕಾಲಿ ಕುಸ್ತಿಗೂ ಅಜಗಜಾಂತರ. ಮಣ್ಣಿನ ಕಣದಿಂದ ಮ್ಯಾಟಿಗೆ ಹೋದ ಹುಡುಗ ಮೈಯಲ್ಲಿ ಕೂತ ಅರ್ಧ ಡಾವುಗಳನ್ನು ಮರೆಯಬೇಕಾಗುತ್ತದೆ. ನಿಕಾಲಿಯಲ್ಲಿ ಅಂಕವಿಲ್ಲ, ಗಡಿಯಾರವಿಲ್ಲ, ಬೆನ್ನು ಮಣ್ಣಿಗೆ ತಾಗುವವರೆಗೆ ಹಲಗಿ ಬಾರಿಸುತ್ತಲೇ ಇರುತ್ತಾರೆ. ಇಷ್ಟು ನಾಟಕೀಯ ಆಟವೊಂದು ಕೈಯಳತೆಯಲ್ಲಿರುವಾಗ ಐಸ್ ಹಾಕಿಯ ಹಂಗೇಕೆ ಎಂದು ಯಾರಾದರೂ ಕೇಳಿದರೆ ಉತ್ತರ ಕೊಡುವುದು ಕಷ್ಟ.

ಕುಸ್ತಿಯೊಂದೇ ಅಲ್ಲ. ಮುಧೋಳ ಜಮಖಂಡಿ ಕಡೆಯ ಎತ್ತುಗಳ ತೆರಬಂಡಿ ಸ್ಪರ್ಧೆ, ಜಾತ್ರೆಗಳ ಗುಂಡು ಎತ್ತುವ ಪಂದ್ಯ ಇವೆ. ಬಾಗಲಕೋಟೆ, ವಿಜಯಪುರ ಜಿಲ್ಲೆಗಳು ರಾಜ್ಯಕ್ಕೆ ಸೈಕ್ಲಿಂಗ್ ಪಟುಗಳನ್ನು ಕೊಡುತ್ತ ಬಂದಿವೆ, ಅವರಲ್ಲಿ ಹುಡುಗಿಯರೂ ಸಾಕಷ್ಟು. ಬಾದಾಮಿಯ ಕೆಂಪು ಮರಳುಗಲ್ಲಿನ ಗೋಡೆಗಳು ಭಾರತದ ಕ್ರೀಡಾ ಶಿಲಾರೋಹಣದ ಮುಖ್ಯ ತಾಣ. ಬೋಲ್ಟು ಬಡಿದ ದಾರಿಗಳನ್ನು ಹತ್ತಲು ಯುರೋಪಿನಿಂದಲೂ ಬರುತ್ತಾರೆ. ಮೇಲೆ ಹತ್ತುವವರ ಜೀವ ಕೆಳಗೆ ಹಗ್ಗ ಹಿಡಿದವರ ಕೈಯಲ್ಲಿರುತ್ತದೆ. ಹಗ್ಗ ಬಿಗಿಯಾದರೆ ಹತ್ತುವವರ ಚಲನೆ ಕೆಡುತ್ತದೆ, ಸಡಿಲವಾದರೆ ಬಿದ್ದಾಗ ಏಟು ದೊಡ್ಡದು. ಮುಂಗಡವಾಗಿ ಇಂಥ ರೂಪಕ ಕೊಟ್ಟುಬಿಡುವ ಆಟವನ್ನು ಪ್ರೇಮಕಾದಂಬರಿಕಾರರು ಇನ್ನೂ ಬಿಟ್ಟಿರುವುದು ಅವರ ಔದಾರ್ಯ ಎನ್ನಬೇಕು.

ಹೆಣ್ಣೇ ಆಟಗಾರ್ತಿಯಾದಾಗ ಕಥೆ ಇನ್ನೂ ಬಿಗಿಯಾಗುತ್ತದೆ. ಪಕ್ಕದ ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ನಿಗೆ 5 ವಿಕೆಟ್ ಕಿತ್ತು ಭಾರತವನ್ನು ಸೆಮಿಫೈನಲ್ಲಿಗೆ ಮುಟ್ಟಿಸಿದರು. ಇಂಥ ಸಾಧನೆಯ ಸುತ್ತ ಯಾರಾದರೂ ಕಲ್ಪಿತ ನಾಯಕಿಯೊಬ್ಬಳನ್ನು ಬರೆದರೆ ಕಥೆಗೆ ಬೇಕಾದ ಅಡ್ಡಿಗಳು ಈ ನೆಲದಲ್ಲಿ ಪುಕ್ಕಟೆ ಸಿಗುತ್ತವೆ. ಕ್ರೀಡಾ ವಸತಿನಿಲಯದ ಹುಡುಗಿ ರಜೆಗೆ ಊರಿಗೆ ಬಂದರೆ ಮನೆಯಲ್ಲಿ ಮದುವೆಯ ಮಾತು. ಬಿಸಿಲಿಗೆ ಕಪ್ಪಾದಳೆಂದು ಬಂಧುಗಳ ಆಕ್ಷೇಪ. ಮದುವೆಯಾದ ಮೇಲೂ ಆಡಲು ಬಿಡುತ್ತೀರಾ ಎಂದು ವರನ ಕಡೆಯವರನ್ನು ಕೇಳುವ ಧೈರ್ಯ ಯಾರು ಮಾಡಬೇಕು ಎಂಬ ಪ್ರಶ್ನೆ. ಇಂಗ್ಲಿಷ್ ಕಾದಂಬರಿಯ ನಾಯಕ ಒಳ್ಳೆಯವನೆಂದು ಸಾಬೀತಾಗುವುದು ಅವಳ ಅಭ್ಯಾಸಕ್ಕೆ ಬೆಳಗಿನ ಜಾವ ಕಾಫಿ ತಂದುಕೊಟ್ಟಾಗ. ಇಲ್ಲಿಯ ನಾಯಕ ಒಂದು ಹೆಜ್ಜೆ ಮುಂದೆ ಹೋಗಿ ತನ್ನ ತಾಯಿಯೊಂದಿಗೆ ಮಾತಾಡಬೇಕಾಗುತ್ತದೆ.

ಇಷ್ಟೆಲ್ಲ ಹಗುರ ಓದಿನ ಮೇಲಿನ ಆಕ್ಷೇಪಗಳೂ ಹಗುರವಲ್ಲ. ಇಂಗ್ಲಿಷ್ ಕ್ರೀಡಾ ಪ್ರೇಮಕಾದಂಬರಿಗಳಲ್ಲಿ ಅನೇಕವು ಶೃಂಗಾರದಲ್ಲಿ ಬಹಳ ಬಿಚ್ಚುಮನಸ್ಸಿನವು. ವ್ಯಂಗ್ಯಚಿತ್ರದಂಥ ಮುದ್ದು ಮುಖಪುಟ ನೋಡಿ ಶಾಲೆಯ ಮಕ್ಕಳ ಪುಸ್ತಕವೆಂದು ತಂದುಕೊಟ್ಟು ಬೆಚ್ಚಿಬಿದ್ದ ಹೆತ್ತವರ ದೂರು ಹಲವು ದೇಶಗಳಲ್ಲಿ ಕೇಳಿಬಂದಿದೆ. ಕಾಲ್ಪನಿಕ ನಾಯಕನ ಮೇಲಿನ ಮೋಹವನ್ನು ನಿಜದ ಆಟಗಾರರ ಮೇಲೆ ಹೇರುವ ಚಟವೂ ಉಂಟು. 2023ರಲ್ಲಿ ಅಮೆರಿಕದ ಸಿಯಾಟಲ್ ಕ್ರಾಕನ್ ಹಾಕಿ ತಂಡದ ಆಟಗಾರನೊಬ್ಬನ ಪತ್ನಿ, ತನ್ನ ಗಂಡನ ಬಗ್ಗೆ ಓದುಗರು ಹಾಕುತ್ತಿದ್ದ ಅಸಭ್ಯ ವಿಡಿಯೋಗಳನ್ನು ಬಹಿರಂಗವಾಗಿ ಖಂಡಿಸಬೇಕಾಯಿತು. ಬನಶಂಕರಿಯ ನಾಟಕ ಕಂಪನಿಗಳಿಗೂ ದ್ವಂದ್ವಾರ್ಥದ ಮಾತಿನ ಆರೋಪ ಹೊಸದಲ್ಲ. ಜನಪ್ರಿಯ ಪ್ರೇಮಕಥೆ ಎಲ್ಲಿ ಗಲ್ಲಾಪೆಟ್ಟಿಗೆಯನ್ನು ನಂಬುತ್ತದೋ ಅಲ್ಲಿ ಈ ಜಗ್ಗಾಟ ಇದ್ದದ್ದೇ.

ಓದುವ ಖರ್ಚಿನ ಮಾತೂ ಇದೆ. ಇಂಗ್ಲಿಷ್ ಪೇಪರ್‌ಬ್ಯಾಕ್ ಕೊಳ್ಳುವ ದುಡ್ಡಿನಲ್ಲಿ ಸಾಯಿಸುತೆಯವರ ಎರಡು ಮೂರು ಕಾದಂಬರಿ ಬರುತ್ತವೆ. 2011ರ ಜನಗಣತಿಯಂತೆ ಸುಮಾರು 18.9 ಲಕ್ಷ ಜನರಿದ್ದ, ಸಾಕ್ಷರತೆ ಶೇ 69ರ ಆಸುಪಾಸಿನಲ್ಲಿದ್ದ ಜಿಲ್ಲೆಯಲ್ಲಿ ಪುಸ್ತಕ ಕೊಂಡು ಓದುವವರಿಗಿಂತ ಎರವಲು ಓದುವವರೇ ಹೆಚ್ಚು. ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ, ತಾಲ್ಲೂಕಿನ ಶಾಖೆಗಳಲ್ಲಿ, ಅರಿವು ಕೇಂದ್ರಗಳೆಂದು ಹೆಸರು ಬದಲಾದ ಗ್ರಾಮ ಪಂಚಾಯಿತಿ ಗ್ರಂಥಾಲಯಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಯ ಪುಸ್ತಕಗಳು ಮೇಜು ಆಕ್ರಮಿಸಿಕೊಂಡಿವೆ. ಅವುಗಳ ನಡುವೆ ರಟ್ಟು ಹಾಕಿಸಿದ ತ್ರಿವೇಣಿ, ಇಂದಿರಾ ಇನ್ನೂ ಕೈ ಬದಲಾಯಿಸುತ್ತಾರೆ. ಆ್ಯಪುಗಳು ಮೊದಲ ಕಂತುಗಳನ್ನು ಉಚಿತವಾಗಿ ಕೊಟ್ಟು, ಕಥೆ ಕುತೂಹಲ ಕೆರಳಿಸುವ ಜಾಗದಲ್ಲಿ ಸರಿಯಾಗಿ ಚಂದಾ ಕೇಳುತ್ತವೆ. ಚಂದಾ ಕಟ್ಟದವರು ಮರುದಿನದವರೆಗೆ ಕಾಯುತ್ತಾರೆ, ಅಥವಾ ಕಟ್ಟಿದ ಗೆಳತಿಗೆ ಫೋನ್ ಹಚ್ಚಿ ಮುಂದ ಏನಾತು ಅಂತ ಕೇಳುತ್ತಾರೆ.